ಬಾಗಿಲು ಮುಚ್ಚಿದ್ದಾಗ ಧರ್ಮಕೇಂದ್ರವನ್ನು ಉಳಿಸಿದ್ದು ಯಾವುದು? ನೇರಪ್ರಸಾರ ಮುಂದುವರಿಸುವ ಬಗ್ಗೆ ಅಭಿಪ್ರಾಯ ಬೇಕು

ಪರಿಷತ್ ಸದಸ್ಯ, ದಾವಣಗೆರೆ

ಎಲ್ಲರಿಗೂ ವಂದನೆಗಳು. ಕೊರೋನಾ ಕಾಲದಲ್ಲಿ ಆರಂಭವಾದ ಭಾನುವಾರದ ಬಲಿಪೂಜೆಯ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಆರಾಧನೆಯ) ನೇರಪ್ರಸಾರವನ್ನು ಇನ್ನೂ ಮುಂದುವರಿಸಬೇಕೇ ಬೇಡವೇ ಎಂಬ ವಿಷಯ ನಮ್ಮ ಕಥೋಲಿಕ ಧರ್ಮಕೇಂದ್ರದ ಪಾಲನಾ ಪರಿಷತ್ತಿನ ಮುಂದೆ ಬಂದಿದೆ. ಕ್ಯಾಮೆರಾ ಹಳೆಯದಾಗಿದೆ. ಹೊಸದನ್ನು ಕೊಳ್ಳಲು ಹಣ ಹೊಂದಿಸಬೇಕು. ಜೊತೆಗೆ ಪ್ರತಿ ವಾರ ಒಬ್ಬ ಹುಡುಗ ಪೂಜೆಯಲ್ಲಿ ಮನಸ್ಸಿಡಲಾಗದೆ ಅದರ ಹಿಂದೆ ನಿಲ್ಲಬೇಕಾಗಿದೆ. ಖರ್ಚಿನ ಲೆಕ್ಕವನ್ನಷ್ಟೇ ನೋಡಿ ತೀರ್ಮಾನಿಸುವ ವಿಷಯ ಇದಲ್ಲವೆಂದು ತೋರಿದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

ಹೊಸದಾಗಿ ಊರಿಗೆ ಬಂದಿರುವವರಿಗಾಗಿ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. 2020ರ ಮಾರ್ಚ್ 22ರ ಜನತಾ ಕರ್ಫ್ಯೂ ತಪಸ್ಸು ಕಾಲದ (ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸ ಕಾಲದ) ನಾಲ್ಕನೆಯ ಭಾನುವಾರವೇ ಬಂದಿತ್ತು. ಮೂರು ದಿನಗಳಲ್ಲಿ ಲಾಕ್‌ಡೌನ್ ಆಯಿತು. ಗರಿಗಳ ಭಾನುವಾರ ಏಪ್ರಿಲ್ 5ಕ್ಕೆ, ಶುಭ ಶುಕ್ರವಾರ 10ಕ್ಕೆ, ಪಾಸ್ಕ ಹಬ್ಬ (ಈಸ್ಟರ್) 12ಕ್ಕೆ ಇದ್ದವು. ಮೆರವಣಿಗೆಗಳನ್ನು ಹಾಗೂ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಕೈಬಿಡಬೇಕೆಂದು ವ್ಯಾಟಿಕನ್ನಿನಿಂದಲೇ ಆದೇಶ ಬಂದಿತ್ತು. ಮುಚ್ಚಿದ ಬಾಗಿಲಿನೊಳಗೆ ಫಾದರ್ ಹಾಗೂ ಇಬ್ಬರು ಮೂವರು ಸಹಾಯಕರು ಮಾತ್ರ ಇಡೀ ಪವಿತ್ರ ವಾರವನ್ನು ನಡೆಸಿದರು. ಜೂನ್ 8ರಿಂದ ದೇವಾಲಯಗಳು ತೆರೆಯಲು ಅನುಮತಿ ಸಿಕ್ಕಿತಾದರೂ 65 ವರ್ಷ ದಾಟಿದವರು, ಕಾಯಿಲೆಯಿರುವವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು ಮನೆಯಲ್ಲೇ ಇರಬೇಕೆಂದು ಸೂಚನೆಯಿತ್ತು. ಅಂದರೆ ತಪ್ಪದೆ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ ಹೊರಗೇ ಉಳಿದರು. 2021ರ ಏಪ್ರಿಲ್ 21ಕ್ಕೆ ಮತ್ತೆ ಮುಚ್ಚಿದ ಬಾಗಿಲು ಜುಲೈ 5ರವರೆಗೆ ತೆರೆಯಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ, ಒಪ್ಪದವರು ಎದುರು ವಾದಿಸಬಹುದು. ನೇರಪ್ರಸಾರವು ಎಲ್ಲರ ಕಣ್ಣಿಗೆ ಬಿದ್ದ ಕೆಲಸ. ಧರ್ಮಕೇಂದ್ರವನ್ನು ಹಿಡಿದಿಟ್ಟದ್ದು ಯಾರ ಕಣ್ಣಿಗೂ ಬೀಳದ ಮನೆಗಳ ಪಟ್ಟಿ. ವಾರ್ಷಿಕ ವಂತಿಗೆಗಾಗಿ ಇದ್ದ ಕುಟುಂಬಗಳ ರಿಜಿಸ್ಟರನ್ನು ಬಡಾವಣೆವಾರು ಬಿಡಿಸಿ, ಹತ್ತು ಹದಿನೈದು ಮನೆಗಳಿಗೆ ಒಬ್ಬರಂತೆ ಫೋನ್ ಮಾಡುವ ಹೊಣೆಯನ್ನು ಹಂಚಿದೆವು. ಪಿ.ಜೆ. ಬಡಾವಣೆಯಲ್ಲಿರಲಿ, ನಿಟ್ಟುವಳ್ಳಿಯಲ್ಲಿರಲಿ, ಎಲ್ಲರಿಗೂ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: ಅಡುಗೆಗೆ ಸಾಮಾನು ಇದೆಯೇ, ಔಷಧಿ ಮುಗಿಯುತ್ತಿದೆಯೇ, ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ. ಆಮೇಲೆ ಫೋನಿನಲ್ಲೇ ಒಂದು ಪರಲೋಕ ಮಂತ್ರ ಹೇಳಿ ಇಡುತ್ತಿದ್ದೆವು. ಆ ಪಟ್ಟಿ ಈಗ ಕಚೇರಿಯ ಬೀರುವಿನಲ್ಲಿ ಧೂಳು ತಿನ್ನುತ್ತಿದೆ, ಕ್ಯಾಮೆರಾ ಮಾತ್ರ ಪ್ರತಿ ಭಾನುವಾರ ಕೆಲಸ ಮಾಡುತ್ತಿದೆ.


ಕ್ಯಾಮೆರಾ ಹಿಂದಿನ ಹುಡುಗ

ಸರ್, ಮೇಲೆ ಹೇಳಿರುವ ಹುಡುಗ ನಾನೇ ಆದ್ದರಿಂದ ಮೊದಲು ನಾನೇ ಬರೆಯಬೇಕು.

ನಾವು ಆರಂಭಿಸಿದಾಗ ಕ್ಯಾಮೆರಾ ಇರಲಿಲ್ಲ. ಗಾನವೃಂದದವರು ಹಾಡಿನ ಪುಸ್ತಕ ಇಡುವ ಸ್ಟ್ಯಾಂಡಿಗೆ ನನ್ನ ಮೊಬೈಲನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ನಡುಹಾದಿಯಲ್ಲಿ ನಿಲ್ಲಿಸಿದ್ದೆವು. ಜನರಿಲ್ಲದ ದೇವಾಲಯದಲ್ಲಿ ಮಾತೆಲ್ಲ ಪ್ರತಿಧ್ವನಿಸಿ, ಫಾದರ್ ಓದಿದ ಶುಭಸಂದೇಶ ಮನೆಗಳಲ್ಲಿ ಯಾರಿಗೂ ಅರ್ಥವಾಗಲಿಲ್ಲವೆಂದು ಸಂದೇಶಗಳ ಮೇಲೆ ಸಂದೇಶ ಬಂದವು. ಮುಂದಿನ ವಾರ ಆಂಪ್ಲಿಫೈಯರಿನಿಂದ ನೇರವಾಗಿ ಮೊಬೈಲಿಗೆ ಒಂದು ವೈರ್ ಎಳೆದ ಮೇಲೆ ಧ್ವನಿ ಸರಿಹೋಯಿತು, ಆದರೆ ಕರೆಂಟ್ ಹೋದರೆ ಪೂಜೆಯ ನಡುವೆಯೇ ಎಲ್ಲವೂ ನಿಂತುಬಿಡುತ್ತಿತ್ತು. ನಿಮಗೆ ಕಾಣದ ಇನ್ನೊಂದು ಕಷ್ಟವೂ ಇತ್ತು. ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡುವುದು ಫಾದರ್‌ಗೆ ಬಹಳ ಕಷ್ಟವಾಗಿ, ಎರಡು ವಾರಗಳ ನಂತರ ಅವರು ಮುಂದಿನ ಸಾಲುಗಳ ಬೆಂಚುಗಳ ಮೇಲೆ ಮನೆತನಗಳ ಹೆಸರು ಬರೆದ ಚೀಟಿಗಳನ್ನು ಅಂಟಿಸಲು ಹೇಳಿದರು. ಆ ಚೀಟಿಗಳನ್ನು ನೋಡಿಕೊಂಡೇ ಮಾತಾಡುತ್ತಿದ್ದರು.

ನೇರಪ್ರಸಾರವನ್ನು ತೋರಿಕೆಯ ಕೆಲಸ ಎಂದು ತಳ್ಳಿಹಾಕುವುದನ್ನು ಒಪ್ಪಲಾರೆ. ನಮ್ಮ ಊರಿನಿಂದ ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋದವರು ಅನೇಕರಿದ್ದಾರೆ. ತಾವು ಜ್ಞಾನಸ್ನಾನ ಪಡೆದ ದೇವಾಲಯದ ಪೀಠವನ್ನು ಅವರು ನೋಡಿದ್ದು ಇದರ ಮೂಲಕವೇ. ಅದಿಲ್ಲದಿದ್ದರೆ ಆ ಪಾಸ್ಕ ಹಬ್ಬದ ರಾತ್ರಿ ನಮ್ಮ ಜನರಿಗೆ ಹಬ್ಬವೇ ಇರುತ್ತಿರಲಿಲ್ಲ.


ಜಗಳೂರು ಕಡೆಯ ಉಪದೇಶಿ

ತಮ್ಮಾ, ನೀನು ಪಟ್ಟ ಶ್ರಮ ನನಗೆ ಗೊತ್ತು. ಆದರೆ ನಮ್ಮ ಹಳ್ಳಿಗಳ ಉಪಕೇಂದ್ರಗಳಲ್ಲಿ ಆ ಪ್ರಸಾರವನ್ನು ನೋಡಿದವರು ಬೆರಳೆಣಿಕೆಯಷ್ಟು ಎಂಬುದನ್ನೂ ಹೇಳಬೇಕಾಗುತ್ತದೆ. ಜಗಳೂರು ಕಡೆ ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತಬೇಕು, ಇಲ್ಲವೇ ಹೊಲದ ಬದುವಿಗೆ ಹೋಗಬೇಕು. ಮನೆಗೊಂದು ಸ್ಮಾರ್ಟ್‌ಫೋನ್ ಇದ್ದರೂ ಅದು ಮಗನ ಕೈಯಲ್ಲಿರುತ್ತಿತ್ತು, ಅದರಲ್ಲಿ ಡೇಟಾ ಇರುತ್ತಿರಲಿಲ್ಲ. ಕೂಲಿ ನಿಂತು, ಮೆಕ್ಕೆಜೋಳ ಕೊಳ್ಳುವವರಿಲ್ಲದೆ ಕುಳಿತಿದ್ದ ಮನೆಗಳಲ್ಲಿ ರೀಚಾರ್ಜ್ ಮಾಡಿಸಿ ಬಲಿಪೂಜೆ ನೋಡಿ ಎಂದು ಹೇಳಲು ನನಗೆ ನಾಲಿಗೆ ಬರಲಿಲ್ಲ.

ನಾವು ಮಾಡಿದ್ದು ಕೀಪ್ಯಾಡ್ ಫೋನಿನ ಜಪಮಾಲೆ. ಕಾನ್ಫರೆನ್ಸ್ ಕರೆಯಲ್ಲಿ ನನ್ನ ಜೊತೆ ಐದು ಮನೆಗಳನ್ನು ಮಾತ್ರ ಸೇರಿಸಲು ಆಗುತ್ತಿತ್ತು. ಇದು ಸಾಲದಲ್ಲಾ ಎಂದು ಮೊದಲು ಬೇಸರವಾಯಿತು. ಆಮೇಲೆ ನೋಡಿದರೆ ಜಪಮಾಲೆಗೂ ಐದೇ ರಹಸ್ಯಗಳು, ಅಂದರೆ ಯೇಸು, ಮರಿಯಮ್ಮನವರ ಬದುಕಿನ ಘಟನೆಗಳ ಐದು ಧ್ಯಾನಗಳು. ಒಂದೊಂದು ಮನೆಗೆ ಒಂದೊಂದು ರಹಸ್ಯವನ್ನು ಒಪ್ಪಿಸಿದೆ. ಯಾರ ಸರದಿ ಬರುತ್ತದೋ ಆ ಮನೆಯವರು ಹತ್ತು ನಮೋ ಮರಿಯಾ ನಡೆಸಬೇಕು, ಉಳಿದವರು ಉತ್ತರ ಹೇಳಬೇಕು. ಎಲ್ಲರೂ ಒಟ್ಟಿಗೆ ಉತ್ತರಿಸಿದರೆ ಒಬ್ಬರ ಧ್ವನಿ ಮುಂದೆ, ಒಬ್ಬರದು ಹಿಂದೆ ಆಗಿ ಗಲಿಬಿಲಿಯಾಗುತ್ತಿತ್ತಾದ್ದರಿಂದ, ಮುಂದಿನ ಸರದಿಯ ಮನೆಯೊಂದೇ ಗಟ್ಟಿಯಾಗಿ ಉತ್ತರಿಸುವುದು, ಮಿಕ್ಕವರು ತಮ್ಮ ಮನೆಯೊಳಗೆ ಹೇಳಿಕೊಳ್ಳುವುದು ಎಂದು ನಿಯಮ ಮಾಡಿಕೊಂಡೆವು. ಒಂದು ಗುಂಪು ಮುಗಿದ ಮೇಲೆ ಇನ್ನೊಂದು ಗುಂಪಿಗೆ ಕರೆ ಮಾಡುತ್ತಿದ್ದೆ.

ಇದರಿಂದ ನಾನು ನಿರೀಕ್ಷಿಸದ ಒಂದು ಅನುಕೂಲವಾಯಿತು. ದೇವಾಲಯದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಎಂದೂ ಬಾಯಿ ತೆರೆಯದ ಗಂಡಸರು ಸರದಿ ಬಂದಾಗ ತಪ್ಪಿಸಿಕೊಳ್ಳಲಾಗದೆ ಪ್ರಾರ್ಥನೆ ನಡೆಸಿದರು. ಒಬ್ಬರಿಗಂತೂ ದುಃಖದ ರಹಸ್ಯಗಳ ಕ್ರಮವೇ ತಿಳಿದಿರಲಿಲ್ಲ, ಮಗಳು ಪಿಸುಗುಟ್ಟಿ ಹೇಳಿಕೊಡುವುದು ಫೋನಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಒಂದು ಮನೆ ಎರಡು ದಿನ ಕರೆಗೆ ಸಿಗದಿದ್ದರೆ ಅಲ್ಲಿ ಏನೋ ಆಗಿದೆ ಎಂದೂ ತಿಳಿಯುತ್ತಿತ್ತು. ಪಾಸಿನ ಮೇಲೆ ಓಡಾಡುತ್ತಿದ್ದ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸುತ್ತಿದ್ದೆ. ನೇರಪ್ರಸಾರದಲ್ಲಿ ಯಾರು ಬಂದಿಲ್ಲ ಎಂಬುದು ತಿಳಿಯುವುದು ಹೇಗೆ?


ನಿವೃತ್ತ ಶಿಕ್ಷಕಿ, ವಿದ್ಯಾನಗರ

ಉಪದೇಶಿಗಳ ಕೊನೆಯ ಪ್ರಶ್ನೆಯೇ ಈ ಚರ್ಚೆಯ ತಿರುಳು ಎಂದು ನನಗೆ ತೋರುತ್ತದೆ.

ನಮ್ಮ ಧರ್ಮಕೇಂದ್ರದಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳ ಮನೆಮಾತಿನವರು ಇದ್ದಾರೆ. ಭಾನುವಾರ ಒಂದೇ ದೇವಾಲಯಕ್ಕೆ ಬರಬೇಕಾದ ಅನಿವಾರ್ಯತೆಯೇ ನಮ್ಮನ್ನು ಒಂದು ಸಮುದಾಯ ಮಾಡಿತ್ತು. ಬಾಗಿಲು ಮುಚ್ಚಿದ ಮೊದಲ ಎರಡು ವಾರ ಎಲ್ಲರೂ ಶ್ರದ್ಧೆಯಿಂದ ನಮ್ಮ ಫಾದರ್ ಅರ್ಪಿಸಿದ ಪೂಜೆಯನ್ನೇ ನೋಡಿದರು. ಆಮೇಲೆ ಕೊಂಕಣಿಯವರು ಮಂಗಳೂರಿನ ಪೂಜೆಗೆ, ತಮಿಳರು ವೇಲಾಂಕಣ್ಣಿಯ ಪೂಜೆಗೆ, ಇಂಗ್ಲಿಷ್ ಬಲ್ಲ ಮಕ್ಕಳು ಎಲ್ಲೆಲ್ಲಿಯದೋ ಪೂಜೆಗೆ ಸರಿದುಹೋದರು. ನಾನೂ ವ್ಯಾಟಿಕನ್ನಿನ ಸಾಂಟಾ ಮಾರ್ತಾ ನಿವಾಸದಿಂದ ಪ್ರತಿದಿನ ಬರುತ್ತಿದ್ದ ಪೋಪ್ ಫ್ರಾನ್ಸಿಸರ ಬಲಿಪೂಜೆಯನ್ನು ನೋಡುತ್ತಿದ್ದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಪಕ್ಕದ ಬೀದಿಯಲ್ಲಿರುವವರು ಯಾವ ಊರಿನ ಪೂಜೆಯಲ್ಲಿದ್ದಾರೆ ಎಂಬುದೇ ತಿಳಿಯದಂತಾದದ್ದು ನಿಜ. ಅದೇ ಪೋಪರು 2020ರ ಏಪ್ರಿಲ್ 17ರ ಪ್ರಸಂಗದಲ್ಲಿ, ಜನರೂ ಸಂಸ್ಕಾರಗಳೂ ಇಲ್ಲದೆ ತೆರೆಯ ಮೂಲಕ ಮಾತ್ರ ನಡೆಯುವ ವಿಶ್ವಾಸದ ಬದುಕು ಅಪಾಯಕರವೆಂದೂ, ಈಗ ನಡೆಯುತ್ತಿರುವುದು ಕಷ್ಟಕಾಲದ ವ್ಯವಸ್ಥೆಯೇ ಹೊರತು ಧರ್ಮಸಭೆಯ ನಿಜವಾದ ರೀತಿಯಲ್ಲವೆಂದೂ ಎಚ್ಚರಿಸಿದ್ದರು. ಅದನ್ನೂ ನಾವು ತೆರೆಯ ಮೇಲೆಯೇ ಕೇಳಿದೆವು ಎನ್ನುವುದು ಬೇರೆ ಮಾತು. ಪ್ರಸಾರವು ಪ್ರತ್ಯಕ್ಷ ಪಾಲ್ಗೊಳ್ಳುವಿಕೆಗೆ ಸಮನಾಗದು ಎಂದು ಆರಾಧನಾ ವಿಧಿಗಳ ಹೊಣೆ ಹೊತ್ತಿದ್ದ ಕಾರ್ಡಿನಲ್ ಸಾರಾ ಅವರೂ ಅದೇ ವರ್ಷ ಬರೆದರು.

ನಮ್ಮ ಹಿರಿಯರು ಹೇಳುತ್ತಿದ್ದ ಪ್ಲೇಗಿನ ಕಾಲಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಬಂದ ಮೇಲೆ ಜನ ಊರು ತೆರವು ಮಾಡಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಸಾವು ಆಗಲೂ ಇತ್ತು, ಆದರೆ ನೆರೆಹೊರೆಯು ನೆರೆಹೊರೆಯಾಗಿಯೇ ಹೊಲಕ್ಕೆ ಹೋಗಿತ್ತು. ಈ ಬಾರಿ ನಾವು ನಮ್ಮ ನಮ್ಮ ಮನೆಗಳಲ್ಲೇ ಇದ್ದು ಒಬ್ಬರಿಗೊಬ್ಬರು ಕಾಣದಾದೆವು. ಆದ್ದರಿಂದ ಮನೆಗಳ ಪಟ್ಟಿಯ ಬಗ್ಗೆ ಪರಿಷತ್ ಸದಸ್ಯರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಧರ್ಮೋಪದೇಶದ ತರಗತಿಯ ಮಕ್ಕಳ ವಿಷಯದಲ್ಲಿ ಮಾತ್ರ ನಾವು ಸೋತೆವು. ಶಾಲೆಯ ಆನ್‌ಲೈನ್ ಪಾಠ ಮುಗಿಸಿ ದಣಿದ ಮಕ್ಕಳನ್ನು ಭಾನುವಾರವೂ ಮೊಬೈಲ್ ಮುಂದೆ ಕೂರಿಸುವುದು ಆಗಲಿಲ್ಲ. ಪ್ರಥಮ ಪರಮಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿಯನ್ನು ಮೊದಲ ಬಾರಿ ಸ್ವೀಕರಿಸುವುದು) ಮುಂದೆ ಹೋಯಿತು. ಮರಳಿ ಬಂದ ಮಕ್ಕಳಿಗೆ ಪೂಜೆಯಲ್ಲಿ ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂಬುದೇ ಮರೆತಿತ್ತು.


ದುರ್ಗದ ಸಭಿಕ

ಕರ್ತನಲ್ಲಿ ವಂದನೆಗಳು. ನಾನು ಚಿತ್ರದುರ್ಗದವನು, ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್) ಸಭೆಗೆ ಸೇರಿದವನು. ಕಥೋಲಿಕರ ಚರ್ಚೆಯಲ್ಲಿ ತಲೆ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ, ಆದರೆ ನಮ್ಮಲ್ಲೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬಂದಿತ್ತು.

ನಮ್ಮ ಜಗಳ ಕರ್ತನ ಭೋಜನದ್ದು. ಅಯ್ಯನವರು ಪ್ರಸಾರದಲ್ಲಿ ರೊಟ್ಟಿ ಮುರಿಯುವಾಗ ನಾವು ಮನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಇಟ್ಟುಕೊಂಡು ಸ್ವೀಕರಿಸಬಹುದೇ ಎಂದು ಕಿರಿಯರು ಕೇಳಿದರು. ಹಿರಿಯರು ಕೂಡದು ಎಂದರು. ಸಭೆಯು ಕೂಡಿಬರುವುದೇ ಆ ಭೋಜನದ ಅರ್ಧ ಭಾಗ, ಕೂಡಲಾಗದ ಕಾಲದಲ್ಲಿ ಹಸಿದಿರುವುದೇ ಪ್ರಾಮಾಣಿಕ ಎಂಬುದು ಅವರ ವಾದ. ನಾವು ಹಸಿದೇ ಇದ್ದೆವು. ಅದು ಸರಿಯಾದ ತೀರ್ಮಾನ ಎಂದು ನಾನು ಈಗಲೂ ನಂಬುತ್ತೇನೆ. ಏಕೆಂದರೆ ಮರಳಿ ಕೂಡಿದ ದಿನ ಅದರ ಬೆಲೆ ಎಲ್ಲರಿಗೂ ತಿಳಿದಿತ್ತು. ಒಂದೇ ಪಾತ್ರೆಯಿಂದ ಕುಡಿಯುವುದನ್ನು ಬಿಟ್ಟು ಚಿಕ್ಕ ಚಿಕ್ಕ ಲೋಟಗಳಿಗೆ ಬದಲಾಯಿಸಿದ್ದು ಮಾತ್ರ ಕೆಲವರಿಗೆ ಇಂದಿಗೂ ಸರಿಕಂಡಿಲ್ಲ.

ಹೆದ್ದಾರಿಯ ಊರಾದ್ದರಿಂದ ನಮಗೆ ಇನ್ನೊಂದು ಆರಾಧನೆ ಒದಗಿಬಂತು ಎನ್ನಬಹುದು. ಬೆಂಗಳೂರಿನಿಂದ ಉತ್ತರಕ್ಕೆ ನಡೆದು ಹೋಗುತ್ತಿದ್ದ ಕಾರ್ಮಿಕರು ಚಿತ್ರದುರ್ಗದ ಹೊರವಲಯ ದಾಟುತ್ತಿದ್ದರು. ಸಭೆಯ ಕೆಲವು ಮನೆಗಳವರು ಚಿತ್ರಾನ್ನದ ಪೊಟ್ಟಣ ಕಟ್ಟಿ, ನೀರಿನ ಬಾಟಲಿಗಳ ಜೊತೆ ರಸ್ತೆ ಬದಿಗೆ ಕೊಂಡೊಯ್ಯುತ್ತಿದ್ದರು. ಅದೇ ಜಾಗಕ್ಕೆ ಮಠದ ಕಡೆಯಿಂದಲೂ ಮಸೀದಿಯ ಕಡೆಯಿಂದಲೂ ಊಟ ಬರುತ್ತಿತ್ತಾದ್ದರಿಂದ, ಬೆಳಿಗ್ಗೆ ಯಾರು, ಮಧ್ಯಾಹ್ನ ಯಾರು ಎಂದು ಮಾತಾಡಿಕೊಂಡೆವು. ಇದಕ್ಕೆ ಸಮಿತಿ, ಠರಾವು ಏನೂ ಬೇಕಾಗಲಿಲ್ಲ. ಕಾಲಿಗೆ ಚಪ್ಪಲಿ ಕೇಳುವವರು ಊಟ ಕೇಳುವವರಿಗಿಂತ ಹೆಚ್ಚಾಗಿದ್ದರು. ಅದನ್ನು ತಿಳಿದ ಮೇಲೆ ಮನೆಮನೆಯ ಹಳೆಯ ಚಪ್ಪಲಿಗಳನ್ನು ಜೋಡಿ ಬಿಡದಂತೆ ದಾರದಿಂದ ಕಟ್ಟಿ ಒಯ್ದೆವು.


ಗಾನವೃಂದದ ಹಾಡುಗಾರ್ತಿ

ಗಾನವೃಂದದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. 2020ರ ಜೂನ್ 4ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ನಿಯಮಗಳಲ್ಲಿ ಗಾಯನ ತಂಡಗಳಿಗೆ ಅವಕಾಶವಿಲ್ಲ, ಧ್ವನಿಮುದ್ರಿತ ಭಕ್ತಿಗೀತೆಗಳನ್ನು ಹಾಕಬಹುದು ಎಂದಿತ್ತು. ತೀರ್ಥ ಚಿಮುಕಿಸುವುದಕ್ಕೂ ತಡೆಯಿತ್ತು. ಬಾಗಿಲು ತೆರೆದ ಮೇಲೂ ದೇವಾಲಯದೊಳಗೆ ಬಾಯಿ ಮುಚ್ಚಿದವರು ನಾವು ಮಾತ್ರ.

ಮೊದಲು ಬೆಂಗಳೂರಿನಲ್ಲಿ ಮುದ್ರಿಸಿದ ಹಾಡುಗಳನ್ನು ಹಾಕಿದರು. ಧ್ವನಿ ಚೆನ್ನಾಗಿತ್ತು, ರಾಗ ನಮ್ಮದಾಗಿರಲಿಲ್ಲ. ಜನ ಜೊತೆಗೆ ಹಾಡಲಾಗದೆ ಸುಮ್ಮನೆ ನಿಂತರು. ಆಮೇಲೆ ನಾವು ಒಬ್ಬೊಬ್ಬರೇ ನಮ್ಮ ಮನೆಯಲ್ಲಿ, ಕುಕ್ಕರ್ ಕೂಗದ, ನಾಯಿ ಬೊಗಳದ ಹೊತ್ತು ನೋಡಿ, ಒಂದೊಂದು ಹಾಡನ್ನು ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸತೊಡಗಿದೆವು. ಕೀಬೋರ್ಡ್ ನುಡಿಸುವವರು ಮೊದಲು ಶ್ರುತಿ ಕಳುಹಿಸುತ್ತಿದ್ದರು, ಅದನ್ನು ಒಂದು ಕಿವಿಯಲ್ಲಿ ಕೇಳಿಕೊಂಡು ಹಾಡಬೇಕಿತ್ತು. ಜೋಡಿಸಿದಾಗ ಒಬ್ಬರು ಅರ್ಧ ಮಾತ್ರೆ ಹಿಂದೆ ಇದ್ದೇ ಇರುತ್ತಿದ್ದರು. ಆದರೂ ಆ ಅರೆಬರೆ ಹಾಡು ಹಾಕಿದ ಭಾನುವಾರ ಮಾಸ್ಕಿನೊಳಗಿಂದಲೇ ಜನ ಹಾಡಿದರು. ಹಾಡಬಾರದೆಂದು ಫಾದರ್ ಎಚ್ಚರಿಸಬೇಕಾಯಿತು, ಎಚ್ಚರಿಸಿದರು ಕೂಡ.

ನೇರಪ್ರಸಾರ ಬೇಕೇ ಎಂಬುದಕ್ಕೆ ನನ್ನ ಉತ್ತರ: ನೋಡುವವರು ಮನೆಯಲ್ಲಿ ಉತ್ತರ ಹೇಳುವುದಿಲ್ಲ, ಹಾಡುವುದಿಲ್ಲ. ಮರಳಿ ಬಂದ ಮೇಲೂ ಬಹಳ ಕಾಲ ಅವರು ಉತ್ತರ ಹೇಳಲಿಲ್ಲ. ಈ ಅಭ್ಯಾಸ ತಪ್ಪಿದ್ದು ಎಲ್ಲಿಂದ ಎಂದು ಯೋಚಿಸಬೇಕು.


ರಾತ್ರಿ ಪಾಳಿಯ ಶುಶ್ರೂಷಕಿ

ಎರಡನೆಯ ಅಲೆಯ ಬಗ್ಗೆ ಯಾರೂ ಮುಟ್ಟಿಲ್ಲ. ಬಹುಶಃ ಬೇಕೆಂದೇ ಮುಟ್ಟಿಲ್ಲ.

ಮೊದಲ ವರ್ಷ ನಮ್ಮದು ಕಾಯುವ ಕಷ್ಟ. 2020ರ ಏಪ್ರಿಲ್ ಕೊನೆಯಲ್ಲಿ ದಾವಣಗೆರೆ ಹಸಿರು ವಲಯವಾಯಿತೆಂದು ಸಮಾಧಾನಪಡುವಷ್ಟರಲ್ಲಿ ಮತ್ತೆ ಪ್ರಕರಣಗಳು ಕಾಣಿಸಿಕೊಂಡವಾದರೂ, ಸಾವು ಇನ್ನೂ ನಮ್ಮ ಬೆಂಚುಗಳವರೆಗೆ ಬಂದಿರಲಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದು ಬಂತು. ವಾರ್ಡಿನೊಳಗೆ ಗುರುಗಳನ್ನು ಬಿಡುತ್ತಿರಲಿಲ್ಲವಾದ್ದರಿಂದ ರೋಗಿಗಳಿಗೆ ಅಭ್ಯಂಗ (ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಡಿಸಲು ಆಗುತ್ತಿರಲಿಲ್ಲ. ಫೋನಿನ ಮೂಲಕ ಪಾಪಕ್ಷಮೆ ಕೊಡುವ ಅಧಿಕಾರ ತಮಗಿಲ್ಲವೆಂದು ಫಾದರ್ ಸ್ಪಷ್ಟವಾಗಿ ಹೇಳಿದ್ದರು. ಆದರೆ ಪಾಪನಿವೇದನೆಗೆ ಗುರುಗಳು ಸಿಗದ ಹೊತ್ತಿನಲ್ಲಿ ಪೂರ್ಣ ಪಶ್ಚಾತ್ತಾಪದಿಂದ ಪ್ರಾರ್ಥಿಸುವವರಿಗೆ, ಮುಂದೆ ಸಾಧ್ಯವಾದ ಕೂಡಲೇ ನಿವೇದಿಸಿಕೊಳ್ಳುವ ದೃಢ ಮನಸ್ಸಿದ್ದರೆ, ದೇವರ ಕ್ಷಮೆ ದೊರೆಯುತ್ತದೆ ಎಂದು 2020ರ ಮಾರ್ಚ್ 20ರಂದೇ ರೋಮಿನಿಂದ ತಿಳಿಸಿದ್ದರು. ಹಾಗಾಗಿ ಫಾದರ್ ಫೋನಿನಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಒಂದೊಂದೇ ಪದವಾಗಿ ಹೇಳುತ್ತಿದ್ದರು. ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಪೀಕರ್ ಹಾಕಿ, ಆಮ್ಲಜನಕದ ಸದ್ದಿನ ಮೇಲೂ ಕೇಳುವಂತೆ ರೋಗಿಯ ಕಿವಿಗೆ ಹಿಡಿಯುತ್ತಿದ್ದೆ. ಪಕ್ಕದ ಹಾಸಿಗೆಯ ತಾಯಿಯೊಬ್ಬರು, ಅವರು ನಮ್ಮವರಲ್ಲ, ತಮಗೂ ಅದನ್ನು ಕೇಳಿಸಲು ಕೈ ಸನ್ನೆ ಮಾಡಿದರು. ಕೇಳಿಸಿದೆ.

ಅಂತ್ಯಸಂಸ್ಕಾರದ ವಿಷಯವನ್ನು ದಾಖಲೆಗಾಗಿಯೇ ಬರೆಯುತ್ತಿದ್ದೇನೆ. ಆಗ ಅಂತ್ಯಸಂಸ್ಕಾರಕ್ಕೆ ಐದು ಜನರಿಗೆ ಮಾತ್ರ ಅನುಮತಿ. ಪಾರ್ಥಿವ ಶರೀರವನ್ನು ಚೀಲದಲ್ಲಿ ಕೊಟ್ಟರೆ ಮುಖ ನೋಡಬಾರದು, ಪ್ರಾರ್ಥನೆ ಮಾಡಬಾರದು, ನೇರವಾಗಿ ಹೂಳಬೇಕು ಎಂದು ನಗರದ ಒಂದು ಆಸ್ಪತ್ರೆಯ ಸಿಬ್ಬಂದಿ ಹಟ ಹಿಡಿದಿದ್ದರು. ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಲ್ಲಿ ಹಾಗಿರಲೇ ಇಲ್ಲ. ಸಿಬ್ಬಂದಿಯೇ ಜಿಪ್ ತೆರೆದು ಮುಖ ತೋರಿಸಬಹುದು, ಧರ್ಮಗ್ರಂಥ ಓದಬಹುದು, ತೀರ್ಥ ಚಿಮುಕಿಸಬಹುದು, ಮೈ ತೊಳೆಯುವುದು, ಮುತ್ತಿಡುವುದು, ಅಪ್ಪಿಕೊಳ್ಳುವುದು ಮಾತ್ರ ಕೂಡದು ಎಂದು ಅದರಲ್ಲಿ ಬರೆದಿತ್ತು. ನಮ್ಮ ಯುವಕರು ಆ ಹಾಳೆಯನ್ನು ಮುದ್ರಿಸಿ, ಆ ಸಾಲುಗಳಿಗೆ ಗೆರೆ ಎಳೆದು, ಮಡಚಿ ಜೇಬಿನಲ್ಲಿಟ್ಟುಕೊಂಡೇ ಸ್ಮಶಾನಕ್ಕೂ ಆಸ್ಪತ್ರೆಗೂ ಹೋಗುತ್ತಿದ್ದರು. ಹಾಳೆ ತೋರಿಸಿದ ಮೇಲೆ ಮಗಳೊಬ್ಬಳಿಗೆ ತಂದೆಯ ಮುಖ ನೋಡಲು ಸಿಕ್ಕಿತು. ಪಿಪಿಇ ಕಿಟ್ ತೊಟ್ಟು ಹಗ್ಗ ಹಿಡಿದು ಇಳಿಸಿದವರು ಅದೇ ಯುವಕರು. ಅವರಲ್ಲಿ ಒಬ್ಬ ಮೇಲೆ ಕ್ಯಾಮೆರಾ ಬಗ್ಗೆ ಬರೆದಿದ್ದಾನೆ, ಇದನ್ನು ಮಾತ್ರ ಬರೆದಿಲ್ಲ.

ಆ ಅಂತ್ಯಸಂಸ್ಕಾರಗಳನ್ನು ಬಂಧುಗಳು ನೋಡಿದ್ದು ವಿಡಿಯೊ ಕರೆಯಲ್ಲಿ. ಆದ್ದರಿಂದ ಪ್ರಸಾರವೇ ಬೇಡವೆನ್ನುವವರ ಜೊತೆ ನಾನಿಲ್ಲ. ಭಾನುವಾರದ್ದು ನಿಲ್ಲಲಿ, ಅಂತ್ಯಸಂಸ್ಕಾರದ್ದು ಕುಟುಂಬ ಕೇಳಿದರೆ ಇರಲಿ.


ನಿಟ್ಟುವಳ್ಳಿಯ ಮಗಳು

ಎಲ್ಲರೂ ದೊಡ್ಡ ಮಾತುಗಳನ್ನು ಆಡುತ್ತಿದ್ದೀರಿ. ನನ್ನ ತಾಯಿ ಹಾಸಿಗೆ ಹಿಡಿದಿದ್ದಾರೆ. ಕೊರೋನಾ ಮುಗಿದಿರುವುದು ನಿಮಗೆ, ಅವರಿಗೆ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಭಾನುವಾರ ಬೆಳಿಗ್ಗೆ ತಲೆ ಬಾಚಿಸಿಕೊಂಡು, ಸೆರಗು ತಲೆಯ ಮೇಲೆ ಹೊದ್ದು, ಹಿಂದಕ್ಕೆ ದಿಂಬಿಟ್ಟುಕೊಂಡು ಫೋನಿನ ಮುಂದೆ ಕೂರುತ್ತಾರೆ. ಟೀಚರ್ ಹೇಳಿದ ವೇಲಾಂಕಣ್ಣಿ, ಮಂಗಳೂರು ಯಾವುದೂ ಅವರಿಗೆ ಬೇಡ. ಓದುವ ಹುಡುಗಿ ಯಾರ ಮಗಳು, ಪೀಠದ ಹೂವು ಈ ವಾರ ಯಾರ ಮನೆಯದು ಎಂದು ಕೇಳುತ್ತಾರೆ. ಹರಿಹರದ ಆರೋಗ್ಯ ಮಾತೆಯ ಸೆಪ್ಟೆಂಬರ್ 8ರ ಹಬ್ಬಕ್ಕೆ ಪ್ರತಿ ವರ್ಷ ಹೋಗುತ್ತಿದ್ದವರು. ಅದು ಬೆಸಿಲಿಕಾ (ಪೋಪರಿಂದ ವಿಶೇಷ ಗೌರವ ಪಡೆದ ದೇವಾಲಯ) ಆದ ಮೇಲೆ ಅವರು ಅಲ್ಲಿಗೆ ಹೋಗಲೇ ಇಲ್ಲ.

ಗಾನವೃಂದದ ಅಕ್ಕನವರಿಗೆ ಒಂದು ಮಾತು: ನಮ್ಮ ಅಮ್ಮ ಉತ್ತರವನ್ನೂ ಹೇಳುತ್ತಾರೆ, ಹಾಡುತ್ತಾರೆ ಕೂಡ.

ಪಟ್ಟಿಯನ್ನು ಹೊಗಳುವವರಿಗೆ ಇನ್ನೊಂದು ಪ್ರಶ್ನೆ. ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರ ಮನೆಗೆ ಪರಮಪ್ರಸಾದ ತರುವ ಪದ್ಧತಿ ಕೊರೋನಾ ಕಾಲದಲ್ಲಿ ನಿಂತಿತ್ತು. ನಮ್ಮ ಮನೆಗೆ ಅದು ಮತ್ತೆ ಆರಂಭವಾಗಿಲ್ಲ. ಫೋನ್ ಮಾಡುತ್ತಿದ್ದವರೂ ಈಗ ಮಾಡುವುದಿಲ್ಲ. ಅವೆರಡನ್ನೂ ನಿಲ್ಲಿಸಿ, ಉಳಿದಿರುವ ಒಂದನ್ನೂ ನಿಲ್ಲಿಸುತ್ತೀರಾ?


ಹಳೆಯ ಖಜಾಂಚಿ

ನಿಟ್ಟುವಳ್ಳಿಯ ಮಗಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪರಿಷತ್ತಿನವರು. ನಾನು ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ. ಭಾನುವಾರದ ಕಾಣಿಕೆಯೇ ಧರ್ಮಕೇಂದ್ರದ ಮುಖ್ಯ ಆದಾಯ. ಅದು ನಿಂತಾಗ ಉಪದೇಶಿಗಳಿಗೂ, ಗಂಟೆ ಬಾರಿಸುವ, ಕಸ ಗುಡಿಸುವ ನೌಕರನಿಗೂ ಸಂಬಳ ಕೊಡುವುದು ಹೇಗೆ ಎಂಬ ಪ್ರಶ್ನೆ ಎದ್ದಿತು. ಕ್ಯೂಆರ್ ಕೋಡನ್ನು ನೇರಪ್ರಸಾರದ ತೆರೆಯ ಮೂಲೆಯಲ್ಲಿ ಹಾಕೋಣವೆಂದು ಕೆಲವರು ಸೂಚಿಸಿದರು. ಪೂಜೆಯ ತೆರೆಯ ಮೇಲೆ ಹಣದ ಗುರುತು ಬೇಡವೆಂದು ಫಾದರ್ ಒಪ್ಪಲಿಲ್ಲ. ಕೊನೆಗೆ ಫೋನ್ ಮಾಡುತ್ತಿದ್ದವರ ಮೂಲಕವೇ, ಸಂಬಳ ನಿಲ್ಲದ ಮನೆಗಳನ್ನು ಮಾತ್ರ ಕೇಳಿದೆವು. ಬ್ಯಾಂಕ್ ನೌಕರರು, ಶಿಕ್ಷಕರು, ಪಿಂಚಣಿದಾರರು ಕೊಟ್ಟರು. ಪಡಿತರದ ಅಕ್ಕಿ ಸಿಗುತ್ತಿತ್ತಾದ್ದರಿಂದ, ದಿನಗೂಲಿಯ ಮನೆಗಳಿಗೆ ಬೇಳೆ, ಎಣ್ಣೆ, ಸೋಪು, ಮಾತ್ರೆಗಳಿಗೆ ಆ ಹಣ ಹೋಯಿತು. ಯಾರು ಕೊಟ್ಟರು, ಯಾರು ಪಡೆದರು ಎಂಬುದನ್ನು ಪ್ರಕಟಿಸಲಿಲ್ಲ. ಚೀಲ ಹಿಡಿದವರ ಫೋಟೊ ತೆಗೆಯಬಾರದೆಂಬ ನಿಯಮವನ್ನೂ ಆಗಲೇ ಮಾಡಿದೆವು. ಅದನ್ನು ಮುರಿದು ವಾಟ್ಸಾಪಿಗೆ ಹಾಕಿದ ಒಬ್ಬರನ್ನು ಹಂಚುವ ಕೆಲಸದಿಂದ ಬಿಡಿಸಿದೆವು.


ಪರಿಷತ್ ಸದಸ್ಯ, ದಾವಣಗೆರೆ

ನಿಟ್ಟುವಳ್ಳಿಯ ಸಹೋದರಿಗೆ: ನಿಮ್ಮ ಪ್ರಶ್ನೆಗೆ ನನ್ನ ಬಳಿ ಸಮರ್ಥನೆಯಿಲ್ಲ. ಪ್ರಸಾರ ಬೇಕೇ ಬೇಡವೇ ಎಂದು ಕೇಳುವುದಕ್ಕೆ ಮೊದಲು, ಮನೆಯಿಂದ ಹೊರಬರಲಾಗದವರು ಈಗ ಯಾರಿದ್ದಾರೆ ಎಂದು ಪರಿಷತ್ತು ಕೇಳಬೇಕಿತ್ತು. ಸಭೆಯಲ್ಲಿ ನಾನು ಮಂಡಿಸಲಿರುವುದು ಹೀಗಿದೆ. ಬೀರುವಿನಲ್ಲಿರುವ ಪಟ್ಟಿಯನ್ನು ಹೊರತೆಗೆದು, ತೀರಿಕೊಂಡವರನ್ನೂ ಊರು ಬಿಟ್ಟವರನ್ನೂ ಗುರುತಿಸಿ, ಹಾಸಿಗೆ ಹಿಡಿದವರ ಒಂದು ಪ್ರತ್ಯೇಕ ಪಟ್ಟಿ ಮಾಡಬೇಕು. ಅವರ ಮನೆಗಳಿಗೆ ಪರಮಪ್ರಸಾದ ತರಲು ಫಾದರ್ ಒಬ್ಬರಿಗೇ ಸಾಧ್ಯವಿಲ್ಲವಾದ್ದರಿಂದ, ಧರ್ಮಾಧ್ಯಕ್ಷರ ಅನುಮತಿ ಪಡೆದ ಪರಮಪ್ರಸಾದ ಸೇವಕರನ್ನು ಬಡಾವಣೆಗೊಬ್ಬರಂತೆ ನೇಮಿಸಬೇಕೆಂದು ಕೋರಬೇಕು. ಅದು ಆರಂಭವಾಗುವವರೆಗೆ ನೇರಪ್ರಸಾರ ನಿಲ್ಲಬಾರದು. ಆರಂಭವಾದ ಮೇಲೂ ಆ ಮನೆಗಳಿಗೆ ಮಾತ್ರ ಕೊಂಡಿ ಕಳುಹಿಸಬಹುದು, ಎಲ್ಲರಿಗೂ ತೆರೆದಿಡಬೇಕಿಲ್ಲ. ಹೊಸ ಕ್ಯಾಮೆರಾ ಕೊಳ್ಳುವುದನ್ನು ನಾನು ಬೆಂಬಲಿಸುವುದಿಲ್ಲ.


ಜಗಳೂರು ಕಡೆಯ ಉಪದೇಶಿ

ಉಪಕೇಂದ್ರಗಳನ್ನೂ ಪಟ್ಟಿಗೆ ಸೇರಿಸಿ. ಐದು ಮನೆಗಳ ಜಪಮಾಲೆ ಕರೆಯನ್ನು ಒಂದು ಗುಂಪಿನವರು ಇನ್ನೂ ಬಿಟ್ಟಿಲ್ಲ, ಅದರಲ್ಲಿ ಇಬ್ಬರು ನಡೆದಾಡಲಾಗದವರು. ಅವರಿಗೆ ನೇರಪ್ರಸಾರದ ಕೊಂಡಿಯಿಂದ ಪ್ರಯೋಜನವಿಲ್ಲ, ಪರಮಪ್ರಸಾದ ತರುವವರು ಬೇಕು.


ಕ್ಯಾಮೆರಾ ಹಿಂದಿನ ಹುಡುಗ

ಹಳೆಯ ಕ್ಯಾಮೆರಾವನ್ನೇ ಇನ್ನೊಂದು ವರ್ಷ ಓಡಿಸಬಹುದು ಸರ್, ಬ್ಯಾಟರಿ ಒಂದನ್ನು ಬದಲಾಯಿಸಿದರೆ ಸಾಕು. ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾನು ಮಾಡುತ್ತೇನೆ. ಆದರೆ ಬದಲಾಗಿರುವ ಫೋನ್ ನಂಬರುಗಳನ್ನು ಮನೆಮನೆಗೆ ಹೋಗಿ ಕೇಳಿಕೊಂಡೇ ಬರಬೇಕು. ನಿಟ್ಟುವಳ್ಳಿ, ವಿನೋಬನಗರದ ಕಡೆ ಬರಲು ಭಾನುವಾರ ಎರಡನೆಯ ಪೂಜೆಯ ನಂತರ ಯಾರಿಗೆ ಬಿಡುವಿದೆ ಎಂದು ಇಲ್ಲೇ ತಿಳಿಸಿ.